ಚಿನ್ನದ ಹಂಗಿನ ಪ್ರಯೋಗಶಾಲೆ

ದೊಡ್ಡ ವೈಜ್ಞಾನಿಕ ಉಪಕರಣವೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ಬರುವುದು ಜಿನೀವಾ ನಗರದ ಬಳಿ ನೆಲದಡಿಯಲ್ಲಿರುವ, 27 ಕಿಲೋಮೀಟರು ಸುತ್ತಳತೆಯ ಕಣವೇಗವರ್ಧಕ. ಅದರ ಚಿತ್ರವನ್ನು ನೋಡದ ವಿಜ್ಞಾನ ವಿದ್ಯಾರ್ಥಿಯೇ ಇಲ್ಲವೆನ್ನಬೇಕು. ನೋಡಿದವರ ಮನಸ್ಸಿನಲ್ಲಿ ಮೂಡುವ ಭಾವನೆಯೂ ಸಾಮಾನ್ಯವಾಗಿ ಒಂದೇ: ಹಣವುಳ್ಳ ದೇಶಗಳು ಇಂಥವನ್ನು ಕಟ್ಟಿಕೊಳ್ಳುತ್ತವೆ, ಹಣವಿಲ್ಲದವರು ದೂರದಲ್ಲಿ ನಿಂತು ನೋಡಬೇಕು. ಈ ಭಾವನೆಯಲ್ಲಿ ಸತ್ಯಾಂಶವಿಲ್ಲವೆಂದಲ್ಲ; ಆದರೆ ಅದು ಪೂರ್ಣ ಸತ್ಯವಲ್ಲ. ಕೆಲವು ಬಗೆಯ ಸಂಶೋಧನೆಗೆ ಬೇಕಾದ ಉಪಕರಣದ ಅತ್ಯಂತ ಬೆಲೆಯುಳ್ಳ ಭಾಗವನ್ನು ಯಾವ ಕಾರ್ಖಾನೆಯೂ ಮಾಡಿಕೊಡಲಾರದು. ಆ ಭಾಗವೆಂದರೆ ಸ್ಥಳ. ಅಂಥ ಒಂದು ಸ್ಥಳ ನಮ್ಮ ನಾಡಿನಲ್ಲಿಯೇ ಇದ್ದಿತು. ಸುಮಾರು ನಲವತ್ತು ವರ್ಷಗಳ ಕಾಲ ಅಲ್ಲಿ ಹೊರದೇಶದ ವಿಜ್ಞಾನಿಗಳೂ ಕಣ್ಣಿಟ್ಟು ನೋಡಿದಂಥ ಕೆಲಸ ನಡೆಯಿತು. ಈಗ ಅದು ನೀರಿನಲ್ಲಿ ಮುಳುಗಿದೆ. ಕೋಲಾರದ ಚಿನ್ನದ ಗಣಿಯ ವಿಷಯವನ್ನು ನಾವು ಹೇಳುತ್ತಿದ್ದೇವೆ.

ತರಗತಿಯಲ್ಲಿ ವಿಶ್ವಕಿರಣಗಳ ಪಾಠ ಬಂದಾಗಲೆಲ್ಲ ನಾವು ಒಂದು ಪ್ರಶ್ನೆಯನ್ನು ಕೇಳುವುದುಂಟು: ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಮೊದಲು ಸಿಕ್ಕಿದುದು ಎಲ್ಲಿ? ಜಪಾನ್ ಎನ್ನುತ್ತಾರೆ ಕೆಲವರು, ಅಮೆರಿಕ ಎನ್ನುತ್ತಾರೆ ಕೆಲವರು. ಒಂದು ಸಲ, ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಬರುತ್ತಿದ್ದ ಹುಡುಗನೊಬ್ಬನೂ ಜಪಾನ್ ಎಂದೇ ಹೇಳಿದ. ಅವನ ತಾತ ಅದೇ ಗಣಿಯಲ್ಲಿ ದುಡಿದವರಂತೆ! ಹುಡುಗನದೇನೂ ತಪ್ಪಿಲ್ಲ. ನಾವು ಹೇಳಲಿಲ್ಲ, ಅವನಿಗೆ ತಿಳಿಯಲಿಲ್ಲ.

ಭೌತವಿಜ್ಞಾನಿಗೆ ಚಿನ್ನದ ಗಣಿಯಲ್ಲಿ ಏನು ಕೆಲಸವೆಂಬುದನ್ನು ಮೊದಲು ವಿವರಿಸಬೇಕು. ಓದುಗರು ತಮ್ಮ ಅಂಗೈಯನ್ನು ಮೇಲ್ಮುಖವಾಗಿ ಚಾಚಿ ಒಂದು ನಿಮಿಷ ಹಿಡಿಯಲಿ. ಅಷ್ಟು ಹೊತ್ತಿನಲ್ಲಿ ಸುಮಾರು ನೂರು ಮ್ಯೂಆನ್ ಕಣಗಳು ಅದನ್ನು ತೂರಿಕೊಂಡು ಹೋಗಿರುತ್ತವೆ. ಹೊರ ಆಕಾಶದಿಂದ ಬರುವ ವೇಗದ ಪ್ರೋಟಾನುಗಳು ಮೇಲಿನ ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಕಣಗಳಿವು. ಎಲೆಕ್ಟ್ರಾನಿಗಿಂತ ಸುಮಾರು 207 ಪಟ್ಟು ಭಾರವಾದ ಇವು ಮನೆಯ ಚಾವಣಿಯನ್ನೂ ಗೋಡೆಯನ್ನೂ ಲೆಕ್ಕಿಸುವುದಿಲ್ಲ. ಈ ಕಣಗಳೊಂದಿಗೆ ನ್ಯೂಟ್ರಿನೋ ಎಂಬ ಮತ್ತೊಂದು ಬಗೆಯ ಕಣವೂ ಹುಟ್ಟುತ್ತದೆ. ಅದಕ್ಕೆ ವಿದ್ಯುದಂಶವಿಲ್ಲ, ತೂಕ ಇದೆಯೋ ಇಲ್ಲವೋ ಎಂಬಷ್ಟು ಅತ್ಯಲ್ಪ. ಇಡೀ ಭೂಮಿಯನ್ನೇ ಹಾಯ್ದು ಹೋದರೂ ಅದು ಒಂದು ಪರಮಾಣುವನ್ನೂ ಮುಟ್ಟದೆ ಹೋಗುವ ಸಂಭವವೇ ಹೆಚ್ಚು. ಸೂರ್ಯನಿಂದ ಹೊರಟ ನ್ಯೂಟ್ರಿನೋಗಳೇ ನಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೂಲಕ ಸೆಕೆಂಡಿಗೆ ಸುಮಾರು ಆರು ಸಾವಿರ ಕೋಟಿಯಷ್ಟು ಹಾದುಹೋಗುತ್ತಿರುತ್ತವೆ. ಆದರೂ ನಮಗೆ ಅದರ ಅರಿವೇ ಇಲ್ಲ.

ಇಂಥ ಕಣವನ್ನು ಹಿಡಿಯಬೇಕಾದರೆ ಎಷ್ಟೋ ದಿನಗಳಿಗೊಮ್ಮೆ ನಡೆಯುವ ಒಂದು ಘಟನೆಗಾಗಿ ಕಾದು ಕುಳಿತಿರಬೇಕು. ನೆಲದ ಮೇಲೆ ಕುಳಿತು ಕಾದರೆ ಮ್ಯೂಆನುಗಳ ಗದ್ದಲದಲ್ಲಿ ಆ ಘಟನೆ ಕೇಳಿಸದು. ಜಾತ್ರೆಯ ನಡುವೆ ನಿಂತು ಸೊಳ್ಳೆಯ ಸದ್ದನ್ನು ಕೇಳಲು ಹೊರಟಂತಾದೀತು. ಆದುದರಿಂದ ಗದ್ದಲವನ್ನು ತಡೆಯುವ ಗೋಡೆಯೊಂದು ಬೇಕು. ಸೀಸದ ಗೋಡೆಯನ್ನು ಕಟ್ಟಬಹುದಲ್ಲವೆ ಎಂದರೆ, ಅಷ್ಟು ದಪ್ಪದ ಗೋಡೆಯನ್ನು ಕಟ್ಟುವಷ್ಟು ಹಣ ಯಾವ ರಾಜ್ಯದ ಬೊಕ್ಕಸದಲ್ಲಿಯೂ ಇಲ್ಲ. ಗೋಡೆಯನ್ನು ಭೂಮಿಯೇ ಕೊಡಬೇಕು.

ಕೋಲಾರದಲ್ಲಿ ಭೂಮಿ ಕೊಟ್ಟಿತು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದ್ದು. ಪ್ರಪಂಚದ ಅತಿ ಆಳವಾದ ಗಣಿಗಳ ಸಾಲಿನಲ್ಲಿ ನಿಂತಿದ್ದುದು. ಅಲ್ಲಿಯ ಕಲ್ಲೂ ಸಾಮಾನ್ಯವಾದುದಲ್ಲ. ನೀರಿಗಿಂತ ಮೂರು ಪಟ್ಟು ಸಾಂದ್ರತೆಯುಳ್ಳ ಕಪ್ಪು ಬಂಡೆ. 2.3 ಕಿಲೋಮೀಟರು ಆಳದಲ್ಲಿ ನಿಂತವನ ತಲೆಯ ಮೇಲಿರುವ ಹೊದಿಕೆ ಸುಮಾರು 7 ಕಿಲೋಮೀಟರು ಆಳದ ನೀರಿಗೆ ಸಮಾನ. ಅಲ್ಲಿಗೆ ಬಂದು ತಲುಪುವ ಮ್ಯೂಆನುಗಳು ನೆಲದ ಮೇಲಿನವುಗಳಲ್ಲಿ ಕೋಟಿಗೊಂದರಂತೆಯೂ ಇಲ್ಲ.

ಈ ಗಣಿಯಲ್ಲಿ ವಿಶ್ವಕಿರಣಗಳನ್ನು ಅಳೆಯಬೇಕೆಂಬ ಯೋಚನೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸ್ಥಾಪಕರಾದ ಹೋಮಿ ಭಾಭಾ ಅವರದು. 1951ರಲ್ಲಿ ಕೆಲಸ ಆರಂಭವಾಯಿತು. ಅದಕ್ಕಾಗಿ ಗಣಿಗಿಳಿದ ತರುಣರಲ್ಲಿ ಮುಖ್ಯರಾದವರು ನಂಜನಗೂಡಿನ ಕಡೆಯ ಬಿ. ವಿ. ಶ್ರೀಕಂಠನ್, ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾಗಿ, 2019ರಲ್ಲಿ ನಿಧನರಾದವರು. ಉಪಕರಣಗಳನ್ನು ಕೈಯಾರೆ ಕಟ್ಟಿಕೊಂಡು ಒಂದೊಂದೇ ಆಳಕ್ಕೆ ಇಳಿಸಿ ಮ್ಯೂಆನುಗಳನ್ನು ಎಣಿಸುವುದು ಅವರ ಕಾರ್ಯವಾಗಿದ್ದಿತು. ಆಳ ಹೆಚ್ಚಿದಂತೆ ಎಣಿಕೆ ಇಳಿಯಿತು. 1960ರ ದಶಕದ ಮೊದಲ ವರ್ಷಗಳಲ್ಲಿ ಎಂ. ಜಿ. ಕೆ. ಮೆನನ್, ಪಿ. ವಿ. ರಮಣಮೂರ್ತಿ, ಶ್ರೀಕಂಠನ್ ಮತ್ತು ಜಪಾನಿನ ಮಿಯಾಕೆ ಅವರು ಇನ್ನೂ ಕೆಳಕ್ಕೆ ಹೋದರು. ಅವರ ಅತ್ಯಂತ ಆಳದ ತಾಣದಲ್ಲಿ ಉಪಕರಣವು ಎರಡು ತಿಂಗಳು ಹಗಲಿರುಳೂ ಎಚ್ಚರವಾಗಿದ್ದು ಒಂದೇ ಒಂದು ಮ್ಯೂಆನನ್ನೂ ಕಾಣಲಿಲ್ಲ.

ನಮ್ಮ ಕಾಲೇಜಿನ ಪ್ರಾಯೋಗಿಕ ತರಗತಿಯಲ್ಲಿ ಹೀಗಾದರೆ ಹುಡುಗರು ಉಪಕರಣ ಕೆಟ್ಟಿದೆಯೆಂದು ದೂರು ಕೊಡುತ್ತಾರೆ. ಪಕ್ಕದ ಮೇಜಿನವರ ಅಂಕಿಗಳನ್ನು ನೋಡಿ ಬರೆದುಕೊಳ್ಳುವುದೂ ಉಂಟು. ಆ ವಿಜ್ಞಾನಿಗಳು ಮಾತ್ರ ಸೊನ್ನೆಯನ್ನೇ ಫಲವೆಂದು ಗ್ರಹಿಸಿದರು. ಮ್ಯೂಆನುಗಳ ಗದ್ದಲ ಇಷ್ಟು ಅಡಗಿದ ಜಾಗದಲ್ಲಿ ನ್ಯೂಟ್ರಿನೋಗಳನ್ನು ಹುಡುಕಬಹುದೆಂಬ ಧೈರ್ಯವನ್ನು ಅವರಿಗೆ ಕೊಟ್ಟುದು ಆ ಸೊನ್ನೆಯೇ.

ಮುಂದಿನ ಉಪಕರಣದ ರಚನೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಅದರಲ್ಲಿ ತರ್ಕದ ಸೊಗಸಿದೆ. ಬಹಳ ಆಳದಲ್ಲಿ, ಆಕಾಶದಿಂದ ಇಳಿದ ಮ್ಯೂಆನು ನೆತ್ತಿಯ ಮೇಲಿಂದಲೇ ಬರಬೇಕು. ಓರೆಯಾಗಿ ಬರುವ ಕಣಕ್ಕೆ ದಾಟಬೇಕಾದ ಬಂಡೆ ಇನ್ನೂ ಹೆಚ್ಚಾಗುವುದರಿಂದ ಅದು ನಡುದಾರಿಯಲ್ಲೇ ನಿಂತುಬಿಡುತ್ತದೆ. ನ್ಯೂಟ್ರಿನೋಗಳಿಗೆ ಈ ತೊಂದರೆಯಿಲ್ಲ. ಅವು ಎಲ್ಲ ದಿಕ್ಕುಗಳಿಂದಲೂ ಬರುತ್ತವೆ. ಎಲ್ಲೋ ಒಂದು ನ್ಯೂಟ್ರಿನೋ ಸುರಂಗದ ಪಕ್ಕದ ಬಂಡೆಯಲ್ಲಿ ಒಂದು ಪರಮಾಣುಬೀಜಕ್ಕೆ ಬಡಿದರೆ ಅಲ್ಲಿ ಒಂದು ಮ್ಯೂಆನು ಹುಟ್ಟಿ, ಅಡ್ಡಡ್ಡವಾಗಿ ಸುರಂಗವನ್ನು ದಾಟಿ ಹೋಗುತ್ತದೆ. ಆದುದರಿಂದ ಮೇಲಿನಿಂದ ಬರುವುದನ್ನು ಬಿಟ್ಟು ಅಡ್ಡ ಬರುವುದನ್ನು ಹಿಡಿಯಬೇಕು. ಇದಕ್ಕಾಗಿ ಕಣ ತಾಕಿದಾಗ ಮಿನುಗುವ ಪ್ಲಾಸ್ಟಿಕ್ ಹಲಗೆಗಳನ್ನು ಎರಡು ಗೋಡೆಗಳಂತೆ ಎದುರುಬದುರಾಗಿ ನಿಲ್ಲಿಸಿದರು. ನಡುವೆ ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆಗಳನ್ನು ಸಾಲುಸಾಲಾಗಿ ಪೇರಿಸಿದರು. ಎರಡೂ ಗೋಡೆಗಳು ಒಟ್ಟಿಗೆ ಮಿನುಗಿದ ಕ್ಷಣವೇ ಕೊಳವೆಗಳಿಗೆ ಭಾರಿ ವೋಲ್ಟೇಜನ್ನು ಕೊಟ್ಟರೆ, ಕಣ ಹಾದುಹೋದ ಕೊಳವೆಗಳಷ್ಟೇ ಹೊಳೆಯುತ್ತವೆ. ಕ್ಯಾಮೆರಾ ಆ ದಾರಿಯನ್ನು ಚಿತ್ರಿಸಿಕೊಳ್ಳುತ್ತದೆ. ಮುಂಬಯಿಯವರೊಂದಿಗೆ ಜಪಾನಿನ ಓಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯದವರೂ ಸೇರಿದ್ದರು. 2.3 ಕಿಲೋಮೀಟರು ಆಳದಲ್ಲಿ ಆ ಅಡ್ಡದಾರಿಯ ಕಣ ಸಿಕ್ಕಿತು. 1965ರ ಆಗಸ್ಟ್ ನಡುವಿನಲ್ಲಿ ಅವರ ವರದಿ ಅಚ್ಚಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇದೇ ಹುಡುಕಾಟ ನಡೆಸಿದ್ದ ಅಮೆರಿಕದ ಫ್ರೆಡರಿಕ್ ರೈನ್ಸ್ ಅವರ ತಂಡದ ವರದಿ ಅದೇ ತಿಂಗಳ ಕೊನೆಯಲ್ಲಿ ಬಂದಿತು. ಪರಮಾಣು ಸ್ಥಾವರದಿಂದ ಹೊರಬಿದ್ದ ನ್ಯೂಟ್ರಿನೋಗಳನ್ನು 1956ರಲ್ಲಿಯೇ ಕಂಡಿದ್ದ ಇದೇ ರೈನ್ಸ್ ಅವರಿಗೆ ನಮ್ಮ ಕೋಲಾರದವರು ಎರಡು ವಾರ ಮುಂದಿದ್ದರು!

1980ರಲ್ಲಿ ಅದೇ ಆಳದಲ್ಲಿ ಮತ್ತೊಂದು ಉಪಕರಣ ಎದ್ದಿತು. ಪ್ರೋಟಾನ್ ಎಂದಿಗೂ ನಾಶವಾಗದ ಕಣವೇ, ಅಥವಾ ಅದಕ್ಕೂ ಒಂದು ಸಾವುಂಟೆ ಎಂಬುದು ಪ್ರಶ್ನೆ. ಆಗಿನ ಸಿದ್ಧಾಂತಗಳು ಅದರ ಆಯುಸ್ಸನ್ನು 1ರ ಮುಂದೆ 31 ಸೊನ್ನೆಗಳನ್ನಿಟ್ಟಷ್ಟು ವರ್ಷಗಳ ಆಸುಪಾಸಿನಲ್ಲಿರಬಹುದೆಂದು ಊಹಿಸಿದ್ದವು. ಒಂದು ಪ್ರೋಟಾನನ್ನು ಅಷ್ಟು ವರ್ಷ ಕಾಯುವವರು ಯಾರು? ಬದಲಾಗಿ ಅಷ್ಟು ಕಣಗಳನ್ನು ಒಂದೆಡೆ ರಾಶಿ ಹಾಕಿ ಒಂದು ವರ್ಷ ಕಾದರೆ ಸಾಕು. 140 ಟನ್ ತೂಕದ ಕಬ್ಬಿಣದ ರಾಶಿಯಲ್ಲಿ ಅದಕ್ಕಿಂತ ಹಲವು ಪಟ್ಟು ಕಣಗಳಿರುತ್ತವೆ. ಕೋಲಾರದವರು ಕಬ್ಬಿಣವನ್ನೇ ಉಪಕರಣವಾಗಿ ಮಾಡಿದರು: ಹತ್ತು ಸೆಂಟಿಮೀಟರು ಚೌಕದ ಕೊಳವೆಗಳು, ಒಳಗೆ ಅನಿಲ, ನಡುವೆ ಬಿಗಿದ ಒಂದು ತಂತಿ, ಇಂಥವನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ 34 ಪದರಗಳಲ್ಲಿ ಪೇರಿಸಿದರು. ಇದೆಲ್ಲವೂ ಗಣಿಯ ಬಾವಿಯಲ್ಲಿ ಓಡಾಡುವ ಕೇಜಿನಲ್ಲಿ ಹಿಡಿಸುವಷ್ಟು ತುಂಡುಗಳಾಗಿ ಕೆಳಗಿಳಿದು, ಅಲ್ಲಿಯೇ ಜೋಡಣೆಯಾಗಬೇಕಾಗಿದ್ದಿತು. ಪ್ರೋಟಾನಿನ ಸಾವಿನಂತೆ ತೋರುವ ಕೆಲವು ಘಟನೆಗಳನ್ನು ಅವರು ವರದಿ ಮಾಡಿದರು. ಇನ್ನೂ ದೊಡ್ಡ ಉಪಕರಣಗಳುಳ್ಳ ಇತರರಿಗೆ ಅವು ದೃಢಪಡಲಿಲ್ಲ. ಇಂದಿನವರೆಗೂ ಪ್ರೋಟಾನಿನ ಮರಣವನ್ನು ಯಾರೂ ಖಚಿತವಾಗಿ ಕಂಡಿಲ್ಲ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಮುಖ್ಯ ಮಾತಿಗೆ ಬರಬಹುದು. ಈ ಪ್ರಯೋಗಶಾಲೆಯನ್ನು ನಿಜವಾಗಿ ಕಟ್ಟಿದವರು ಯಾರು? ಕೊಳವೆಗಳನ್ನು ಪೇರಿಸಿದವರು ಭೌತವಿಜ್ಞಾನಿಗಳು. ಆದರೆ ಆ ಆಳವನ್ನು ಅಗೆದವರು ಗಣಿಯ ಕೂಲಿಗಳು. 1880ರ ದಶಕದಿಂದ ಮೂರು ನಾಲ್ಕು ತಲೆಮಾರುಗಳ ಕಾಲ, ಕಲ್ಲಿನ ಉಷ್ಣತೆಯೇ 60 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವ ಆಳದವರೆಗೆ, ಬಂಡೆ ಇದ್ದಕ್ಕಿದ್ದಂತೆ ಸಿಡಿದು ಜೀವ ತೆಗೆಯುವ ಭಯದ ನಡುವೆ ಅವರು ಅಗೆದರು. 1902ರಿಂದ ಶಿವನಸಮುದ್ರದ ವಿದ್ಯುತ್ತು ಬಂದುದೂ, ಕೆಳಗೆ ತಣ್ಣನೆಯ ಗಾಳಿ ಹೋಗುತ್ತಿದ್ದುದೂ, ಊರುವ ನೀರನ್ನು ಪಂಪುಗಳು ಎತ್ತಿ ಹಾಕುತ್ತಿದ್ದುದೂ ಚಿನ್ನಕ್ಕಾಗಿ. ವಿಜ್ಞಾನವು ಆ ಮನೆಯಲ್ಲಿ ಒಂದು ಕೋಣೆಯನ್ನು ಪಡೆದ ಬಿಡಾರದವನಂತೆ ಇದ್ದಿತು. ಮನೆಯೊಡೆಯನಿಗೆ ಲಾಭವಿರುವವರೆಗೆ ಬಿಡಾರದವನಿಗೂ ದೀಪ, ಗಾಳಿ, ನೀರಿನ ವ್ಯವಸ್ಥೆ ಇರುತ್ತದೆ. ಲಾಭ ತಪ್ಪಿತು. 1990ರ ದಶಕದ ಆರಂಭದ ಹೊತ್ತಿಗೆ ಪ್ರಯೋಗಗಳು ನಿಂತವು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಪಂಪುಗಳು ನಿಂತ ಮೇಲೆ ನೀರು ತುಂಬಿಕೊಂಡಿತು.

ಗಣಿ ಮುಚ್ಚಿದುದರಿಂದ ಮೊದಲು ನೊಂದವರು ಭೌತವಿಜ್ಞಾನಿಗಳಲ್ಲ. ಕೆಲಸ ಕಳೆದುಕೊಂಡ ಸಾವಿರಾರು ಸಂಸಾರಗಳು. ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗುವ ಆ ಊರಿನ ಜನ. ಅವರ ನಷ್ಟದ ಮುಂದೆ ನಮ್ಮ ನಷ್ಟವನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಆದರೂ ಎರಡೂ ನಷ್ಟಗಳ ಮೂಲ ಒಂದೇ ಎಂದು ನಮ್ಮ ಎಣಿಕೆ. ಗಣಿಯೆಂದರೆ ಚಿನ್ನವಷ್ಟೇ, ಚಿನ್ನ ಮುಗಿದರೆ ಉಳಿಯುವುದು ಬರಿಯ ಹೊಂಡ ಎಂದು ತಿಳಿದೆವು. ಆ ಹೊಂಡಕ್ಕೆ ತನ್ನದೇ ಆದ ಬೆಲೆಯುಂಟೆಂದು ಸಾಕಷ್ಟು ಗಟ್ಟಿಯಾಗಿ ಯಾರೂ ಹೇಳಲಿಲ್ಲ.

ಬೇರೆಡೆ ಏನಾಯಿತೆಂದು ನೋಡಿ. ಜಪಾನಿನ ಕಾಮಿಯೋಕಾ ಎಂಬಲ್ಲಿ ಸತು ಮತ್ತು ಸೀಸದ ಗಣಿಯೊಂದಿದ್ದಿತು. ಅಲ್ಲಿಯೂ 1983ರಲ್ಲಿ, ಪ್ರೋಟಾನಿನ ಸಾವನ್ನು ಹುಡುಕಲೆಂದೇ, 3,000 ಟನ್ ನೀರಿನ ತೊಟ್ಟಿಯೊಂದನ್ನು ಕಟ್ಟಿದರು. ಪ್ರೋಟಾನು ಸಾಯಲಿಲ್ಲ, ಆದರೆ 1987ರ ಫೆಬ್ರವರಿಯಲ್ಲಿ ದೂರದ ನಕ್ಷತ್ರವೊಂದು ಸಿಡಿದಾಗ ಹೊರಟ ನ್ಯೂಟ್ರಿನೋಗಳಲ್ಲಿ 11 ಆ ತೊಟ್ಟಿಯಲ್ಲಿ ಗುರುತು ಬಿಟ್ಟವು. 1996ರಲ್ಲಿ 50,000 ಟನ್ ನೀರಿನ ತೊಟ್ಟಿ ಸಿದ್ಧವಾಯಿತು. ನ್ಯೂಟ್ರಿನೋ ಒಂದು ಬಗೆಯಿಂದ ಇನ್ನೊಂದು ಬಗೆಗೆ ಮಾರ್ಪಡುತ್ತದೆ, ಆದುದರಿಂದ ಅದಕ್ಕೆ ದ್ರವ್ಯರಾಶಿಯಿರಲೇಬೇಕು ಎಂಬುದನ್ನು 1998ರಲ್ಲಿ ಅದರಿಂದ ಕಂಡುಕೊಂಡರು. ಕೋಶಿಬಾ ಅವರಿಗೆ 2002ರಲ್ಲಿ, ಕಾಜಿತಾ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. 1998ರಲ್ಲಿ ಅವರು ಅಳೆದುದು ವಾಯುಮಂಡಲದ ನ್ಯೂಟ್ರಿನೋಗಳನ್ನು. 1965ರಲ್ಲಿ ಕೋಲಾರದಲ್ಲಿ ಕಂಡವೂ ಅವೇ.

ಕಾಮಿಯೋಕಾದಲ್ಲಿಯೂ ಅದಿರು ತೆಗೆಯುವ ಕೆಲಸ 2001ರಲ್ಲಿಯೇ ನಿಂತಿತು. ಎರಡು ಗಣಿಗಳು, ಒಂದೇ ವರ್ಷ. ಅಲ್ಲಿ ಪ್ರಯೋಗಶಾಲೆ ಇಂದಿಗೂ ನಡೆಯುತ್ತಿದೆ. ಅದೇ ಪ್ರದೇಶದಲ್ಲಿ ಇನ್ನೂ ದೊಡ್ಡದೊಂದು ಏಳುತ್ತಿದೆ. ನ್ಯಾಯವಾಗಿ ನೋಡಿದರೆ ಎರಡಕ್ಕೂ ಒಂದು ವ್ಯತ್ಯಾಸವಿದೆಯೆಂದು ಒಪ್ಪಬೇಕು. ಜಪಾನಿನ ಪ್ರಯೋಗಶಾಲೆಯಿರುವುದು ಬೆಟ್ಟದ ಹೊಟ್ಟೆಯಲ್ಲಿ, ತಲೆಯ ಮೇಲೆ ಸುಮಾರು ಒಂದು ಕಿಲೋಮೀಟರು ಬಂಡೆ. ಒಳಕ್ಕೆ ಹೋಗುವುದು ಮಟ್ಟಸವಾದ ಸುರಂಗದಲ್ಲಿ, ವಾಹನದಲ್ಲಿ ಕುಳಿತು. ಊರುವ ನೀರು ತಾನಾಗಿ ಹೊರಕ್ಕೆ ಹರಿದುಹೋಗಬಲ್ಲದು. ಕೋಲಾರದಲ್ಲಾದರೋ ಬಯಲು ನೆಲದಿಂದ ನೇರವಾಗಿ ಪಾತಾಳಕ್ಕೆ ಇಳಿಯಬೇಕು. ಒಂದು ಲೀಟರು ನೀರನ್ನು 2.3 ಕಿಲೋಮೀಟರು ಮೇಲೆತ್ತಲು ಬೇಕಾಗುವ ಶಕ್ತಿ ಸುಮಾರು 22,500 ಜೂಲ್. 60 ವಾಟಿನ ಬಲ್ಬೊಂದನ್ನು ಆರು ನಿಮಿಷ ಉರಿಸುವಷ್ಟು. ಪಂಪಿನಲ್ಲಿ ಪೋಲಾಗುವುದು ಇದಕ್ಕೆ ಸೇರಿಲ್ಲ. ಪ್ರತಿಯೊಂದು ಲೀಟರಿಗೂ ಇಷ್ಟು, ಹಗಲೂ ರಾತ್ರಿಯೂ. ಈ ವೆಚ್ಚವನ್ನು ವಿಜ್ಞಾನದ ಇಲಾಖೆಯೊಂದೇ ಹೊರಲಾರದೆಂಬ ಮಾತನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ತಳದವರೆಗೂ ಒಣಗಿಸಿ ಇಡಬೇಕೆಂದು ಹೇಳಿದವರು ಯಾರು? ಅಮೆರಿಕದ ದಕ್ಷಿಣ ಡಕೋಟದಲ್ಲಿ ಹೋಮ್‌ಸ್ಟೇಕ್ ಎಂಬ ಚಿನ್ನದ ಗಣಿಯಿದೆ; ಅದೂ ಕೋಲಾರದಂತೆಯೇ ನೇರ ಕೆಳಗಿಳಿಯುವ, ಸುಮಾರು 2.4 ಕಿಲೋಮೀಟರು ಆಳದ ಗಣಿ. ಸೂರ್ಯನ ನ್ಯೂಟ್ರಿನೋಗಳನ್ನು ರೇ ಡೇವಿಸ್ ಅವರು ಎಣಿಸಿದುದು ಅಲ್ಲಿ, ಸುಮಾರು ಒಂದೂವರೆ ಕಿಲೋಮೀಟರು ಆಳದಲ್ಲಿ. ಆ ಗಣಿಯೂ ಮುಚ್ಚಿತು. 2003ರಲ್ಲಿ ಪಂಪುಗಳು ನಿಂತು, ನೀರು ಏರಿ, ಡೇವಿಸ್ ಅವರ ಕೋಣೆಯೂ ಮುಳುಗಿತು. ಆದರೆ ಅಲ್ಲಿಯ ರಾಜ್ಯ ಸರಕಾರ ಗಣಿಯನ್ನು ದಾನವಾಗಿ ಪಡೆದು, ಒಬ್ಬ ಸಿರಿವಂತನ ಕೊಡುಗೆಯ ಹಣವನ್ನೂ ಸೇರಿಸಿಕೊಂಡು, 2008ರಲ್ಲಿ ಮತ್ತೆ ನೀರೆತ್ತಲು ಆರಂಭಿಸಿತು. ತಳದವರೆಗೆ ಅವರು ಹೋಗಲಿಲ್ಲ. ತಮಗೆ ಬೇಕಾದ ಮಟ್ಟದ ಕೆಳಗೆ ನೀರು ನಿಲ್ಲುವಂತೆ ನೋಡಿಕೊಂಡರು, ಅಷ್ಟೆ. ಡೇವಿಸ್ ಅವರ ಅದೇ ಕೋಣೆಯಲ್ಲಿ ಈಗ ಅಗೋಚರ ದ್ರವ್ಯವನ್ನು ಹುಡುಕುವ ಉಪಕರಣವಿದೆ. ಪಕ್ಕದಲ್ಲಿ ನ್ಯೂಟ್ರಿನೋ ಪ್ರಯೋಗವೊಂದಕ್ಕಾಗಿ ಭಾರಿ ಗವಿಗಳನ್ನು ಕೊರೆಯುವ ಕೆಲಸ 2024ರಲ್ಲಿ ಮುಗಿಯಿತು. ಕೋಲಾರದಲ್ಲಿ ಮೂರು ಕಿಲೋಮೀಟರು ಬೇಡ. ಒಂದು ಕಿಲೋಮೀಟರಿನ ಒಂದು ಮಟ್ಟವನ್ನು ಉಳಿಸಿಕೊಂಡಿದ್ದರೂ ಇಂದು ಕಾಮಿಯೋಕಾದಷ್ಟು ಬಂಡೆ ನಮ್ಮ ತಲೆಯ ಮೇಲಿರುತ್ತಿದ್ದಿತು. ಇದು ಕಳೆದುಹೋದ ಮೇಲೆ ಹೊಳೆದ ಬುದ್ಧಿಯೆಂದು ಯಾರಾದರೂ ಹೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ಕೋಲಾರವನ್ನು ಕಳೆದುಕೊಂಡ ಮೇಲೆ ನಮ್ಮ ವಿಜ್ಞಾನಿಗಳು ಹೊಸ ಸ್ಥಳವನ್ನು ಅರಸಬೇಕಾಯಿತು. ತಮಿಳುನಾಡಿನ ತೇಣಿ ಜಿಲ್ಲೆಯಲ್ಲಿ ಒಂದು ಬೆಟ್ಟವನ್ನು ಆರಿಸಿದರು. ಕಾಮಿಯೋಕಾದಂತೆ ಅಡ್ಡ ಸುರಂಗ. ಒಳಗೆ 50,000 ಟನ್ ಕಾಂತೀಕರಿಸಿದ ಕಬ್ಬಿಣದ ಉಪಕರಣ. ಕೋಲಾರದ 140 ಟನ್ನಿನ ಮೊಮ್ಮಗನೆನ್ನಬಹುದಾದಂಥದು. 2015ರ ಜನವರಿಯಲ್ಲಿ ಕೇಂದ್ರ ಸಂಪುಟದ ಒಪ್ಪಿಗೆಯೂ ದೊರೆಯಿತು. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಭಯ ಹುಟ್ಟಿತು: ಬಂಡೆ ಸಿಡಿಸಿದರೆ ಬೆಟ್ಟಕ್ಕೇನಾದೀತು, ನೀರಿನ ಸೆಲೆಗಳಿಗೇನಾದೀತು, ಈ ನ್ಯೂಟ್ರಿನೋ ಎಂಬುದು ವಿಷವೇ ವಿಕಿರಣವೇ? ವ್ಯಾಜ್ಯಗಳಾದವು. ಅದು ಹುಲಿಗಳು ಓಡಾಡುವ ಕಾಡಿನ ದಾರಿಯೆಂದು 2022ರಲ್ಲಿ ತಮಿಳುನಾಡು ಸರಕಾರವು ಸರ್ವೋಚ್ಚ ನ್ಯಾಯಾಲಯದಲ್ಲಿ ವಿರೋಧವನ್ನು ಸೂಚಿಸಿತು. ಕೆಲಸ ನಿಂತಿತು. ಅತ್ತ ಚೀನದಲ್ಲಿ ನೆಲದಡಿ 700 ಮೀಟರು ಆಳದಲ್ಲಿ, 20,000 ಟನ್ ದ್ರವದ ಉಪಕರಣವೊಂದು 2025ರ ಆಗಸ್ಟ್‌ನಲ್ಲಿ ಎಣಿಸಲಾರಂಭಿಸಿತು. ನಮ್ಮವರು ಬಿಡಿಸಲು ಹೊರಟಿದ್ದ ಒಗಟೊಂದನ್ನು ಬೇರೊಂದು ದಾರಿಯಲ್ಲಿ ಬಿಡಿಸುವುದೇ ಅದರ ಗುರಿ.

ನ್ಯೂಟ್ರಿನೋದಿಂದ ಯಾರಿಗೂ ಅಪಾಯವಿಲ್ಲ. ಈಗಾಗಲೇ ಅದು ನಮ್ಮೆಲ್ಲರ ಮೈಯನ್ನೂ ಹಾಯುತ್ತಿದೆ. ಹಾಗೆಂದು ಹಳ್ಳಿಯವರನ್ನು ಅಜ್ಞಾನಿಗಳೆಂದು ಹಳಿಯುವವರೊಂದಿಗೆ ನಾವು ಸೇರಲಾರೆವು. ಕಾಡಿನ ಪ್ರಶ್ನೆ, ನೀರಿನ ಪ್ರಶ್ನೆ ನಿಜವಾದ ಪ್ರಶ್ನೆಗಳೇ. ನೆಲವನ್ನು ಗುರುತಿಸುವ ಮೊದಲೇ ನೆಲದ ಜನರೊಂದಿಗೆ ಅವರ ಭಾಷೆಯಲ್ಲಿ ಕುಳಿತು ಮಾತಾಡಬೇಕಾಗಿದ್ದಿತು. ಮಾತು ಬಂದಾಗ ಸಂಶಯ ಮುಂದಾಗಿದ್ದಿತು ಎಂಬುದು ನಮ್ಮ ಅಭಿಪ್ರಾಯ. ಸ್ಥಳವೇ ಉಪಕರಣದ ಭಾಗವೆಂದ ಮೇಲೆ ಸ್ಥಳದವರೂ ಅದರ ಭಾಗಿಗಳೇ. ಕೋಲಾರದಲ್ಲಿ ಈ ಪ್ರಶ್ನೆ ಏಳಲಿಲ್ಲ. ಅಲ್ಲಿ ಊರೇ ಗಣಿಯಾಗಿದ್ದಿತು.

ಈಗ ದೇಶದಲ್ಲಿ ಉಳಿದಿರುವ ಇಂಥ ಜಾಗಗಳಲ್ಲಿ ಝಾರ್ಖಂಡದ ಜಾದೂಗುಡದ್ದು ಒಂದು. ಅಲ್ಲಿ ಯುರೇನಿಯಂ ಗಣಿಯ ಒಳಗೆ, 555 ಮೀಟರು ಆಳದಲ್ಲಿ, 2017ರಲ್ಲಿ ಒಂದು ಸಣ್ಣ ಪ್ರಯೋಗಶಾಲೆ ಆರಂಭವಾಯಿತು. ಸಂತೋಷವೇ. ಆದರೆ ಅದೂ ಬಿಡಾರವೇ. ಯುರೇನಿಯಂ ಇರುವವರೆಗೆ ಗಾಳಿ ಬೆಳಕು.

ಇದಕ್ಕೆ ಪರಿಹಾರ ಬಹಳ ಕಷ್ಟದ್ದೆಂದು ನಮಗೆ ತೋರುವುದಿಲ್ಲ. ಆಳವಾದ ಗಣಿಯೊಂದು ಕೆಲಸ ಮಾಡುತ್ತಿರುವಾಗಲೇ, ಅದು ಲಾಭದಲ್ಲಿರುವಾಗಲೇ, ಒಂದು ಲೆಕ್ಕವನ್ನು ಹಾಕಿಡಬೇಕು: ನಾಳೆ ಅದಿರು ತೀರಿದರೆ ಇದರ ಯಾವ ಮಟ್ಟವನ್ನು, ಎಷ್ಟು ವೆಚ್ಚದಲ್ಲಿ, ಯಾರು ಉಳಿಸಿಕೊಳ್ಳಬಹುದು? ಉಳಿಸಿಕೊಂಡರೆ ಪಂಪು, ಕೇಜು, ಬಂಡೆಗಳ ಮರ್ಮವನ್ನು ಬಲ್ಲ ಗಣಿಯವರಲ್ಲಿ ಎಷ್ಟು ಮಂದಿಗೆ ಅಲ್ಲಿಯೇ ಕೆಲಸ ಕೊಡಬಹುದು? ಹೋಮ್‌ಸ್ಟೇಕಿನಲ್ಲಿ ಈ ಲೆಕ್ಕವನ್ನು ನೀರು ತುಂಬಿದ ಮೇಲೆ ಹಾಕಿ ಹೆಚ್ಚು ಹಣ ತೆತ್ತರು. ಕೋಲಾರದಲ್ಲಿ ಹಾಕಲೇ ಇಲ್ಲ.

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇಂದಿಗೂ ನಡೆಯುತ್ತಿದೆ. ಅದರ ಒಡೆತನ ನಮ್ಮ ರಾಜ್ಯ ಸರಕಾರದ್ದೇ. ಕೋಲಾರದಷ್ಟು ಆಳ ಅದಕ್ಕಿಲ್ಲ. ನೂರಾರು ಮೀಟರು ಇದೆ, ವರ್ಷ ವರ್ಷಕ್ಕೂ ಕೆಳಗಿಳಿಯುತ್ತಿದೆ. ಪಂಪುಗಳು ಓಡುತ್ತಿವೆ, ಕೇಜು ಇಳಿಯುತ್ತಿದೆ. ಆ ಲೆಕ್ಕವನ್ನು ಅಲ್ಲಿ ಈಗಲೇ ಹಾಕಬಹುದು.